ಬೆರಳ ಸನ್ನೆಗೆ ಬೇಲಿ

ಎರಡು ಕೈಗಳ ಬೆರಳು ಕೂಡಿಸಿ ಹೃದಯದ ಆಕಾರ ಮಾಡಿ ತೋರಿಸುವುದು ಇವತ್ತು ಶಾಲೆಯ ಮಕ್ಕಳಿಂದ ಹಿಡಿದು ಸಿನಿಮಾ ತಾರೆಯರವರೆಗೆ ಎಲ್ಲರಿಗೂ ಗೊತ್ತಿರುವ ಸನ್ನೆ. 2013ರ ಅಕ್ಟೋಬರಿನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಗೂಗಲ್ ಕಂಪನಿಗೆ ಮಂಜೂರು ಮಾಡಿದ ಒಂದು ಪೇಟೆಂಟಿನ ಚಿತ್ರದಲ್ಲಿ ಇದೇ ಸನ್ನೆ ಇತ್ತು. ಕ್ಯಾಮೆರಾ ಇರುವ ಕನ್ನಡಕ ಹಾಕಿಕೊಂಡವರು ಕಣ್ಣೆದುರು ಕೈಗಳಿಂದ ಹೃದಯದ ಆಕಾರ ಮಾಡಿದರೆ, ಆ ಆಕಾರದೊಳಗೆ ಕಾಣುವ ವಸ್ತು ಅವರಿಗೆ ಮೆಚ್ಚಿಗೆಯಾಗಿದೆ ಎಂದು ಯಂತ್ರ ಗುರುತಿಸಿಕೊಳ್ಳುವ ವಿಧಾನ ಅದು. ಸುದ್ದಿ ಹೊರಬಿದ್ದಾಗ ಜನ ಎರಡು ಬಗೆಯಲ್ಲಿ ಪ್ರತಿಕ್ರಿಯಿಸಿದರು. ಇಂಥ ಕನ್ನಡಕ ನಾಳೆಯೇ ಅಂಗಡಿಗೆ ಬರುತ್ತದೆಂದು ಕೆಲವರು ಬೆರಗಾದರು. ಮನುಷ್ಯರ ಸನ್ನೆಯನ್ನೇ ಒಂದು ಕಂಪನಿ ಕೊಂಡುಕೊಂಡಿತೆಂದು ಉಳಿದವರು ಸಿಟ್ಟಾದರು. ಎರಡೂ ತಪ್ಪು ಓದು. ಗಾಳಿಯಲ್ಲಿ ಕೈಯಾಡಿಸಿ, ಬೆರಳು ಚಿವುಟಿ, ಮಣಿಕಟ್ಟು ತಿರುಗಿಸಿ ಯಂತ್ರಗಳನ್ನು ನಡೆಸುವ ಸಾಧನಗಳಿಗೆ ಕಂಪನಿಗಳು ವರ್ಷವರ್ಷವೂ ಪೇಟೆಂಟ್ ಪಡೆಯುತ್ತಲೇ ಇವೆ. ಅವನ್ನು ಬರಲಿರುವ ಯಂತ್ರಗಳ ಮುಂಗಡ ಸುದ್ದಿಯಂತೆ ಓದುವ ಬದಲು ಜಮೀನಿನ ಕಾಗದಪತ್ರದಂತೆ ಓದಬೇಕು. ಯಾವ ನೆಲ, ಎಷ್ಟು ವಿಸ್ತಾರ, ಗಡಿ ಎಲ್ಲಿ, ಅದರೊಳಗೆ ಊರಿನ ಗೋಮಾಳ ಸೇರಿಕೊಂಡಿದೆಯೇ ಎಂದು ಕೇಳಬೇಕು. ಹಾಗೆ ಕೇಳಲು ಕಲಿಯದಿದ್ದರೆ ನಮ್ಮ ಕೈಚಲನೆಯನ್ನು ಓದುವ ದಾರಿಗಳೆಲ್ಲ ಕೆಲವೇ ಕಂಪನಿಗಳ ಬೇಲಿಯೊಳಗೆ ಸೇರಿಹೋದದ್ದು ತಡವಾಗಿ ಗೊತ್ತಾಗುತ್ತದೆ.

ಪೇಟೆಂಟ್ ಎಂದರೆ ಸರ್ಕಾರ ಮತ್ತು ಆವಿಷ್ಕಾರಕರ ನಡುವಿನ ಒಂದು ಒಪ್ಪಂದ. ನೀನು ಕಂಡುಹಿಡಿದದ್ದನ್ನು ಬಚ್ಚಿಡದೆ ಎಲ್ಲರಿಗೂ ತಿಳಿಯುವಂತೆ ಬರೆದುಕೊಡು, ಅದಕ್ಕೆ ಪ್ರತಿಯಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಅದನ್ನು ನಿನ್ನ ಅನುಮತಿಯಿಲ್ಲದೆ ಬಳಸದಂತೆ ತಡೆಯುವ ಹಕ್ಕು ಕೊಡುತ್ತೇನೆ ಎಂಬುದು ಅದರ ತಿರುಳು. ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪತ್ರಿಕೆಗಳಲ್ಲಿ ಬರುವ 'ಪೇಟೆಂಟ್' ಸುದ್ದಿಗಳಲ್ಲಿ ಹಲವು ಇಂಥ ಬರೀ ಅರ್ಜಿಗಳ ಸುದ್ದಿ, ಮಂಜೂರಾದ ಹಕ್ಕಿನ ಸುದ್ದಿಯಲ್ಲ. ಅರ್ಜಿಯಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ. ಚಿತ್ರಗಳೂ ವಿವರಣೆಯೂ ಇರುವ ಮೊದಲ ಭಾಗ ಎಷ್ಟು ಉದ್ದವಾದರೂ ಇರಬಹುದು, ಅದರಲ್ಲಿ ಏನೆಲ್ಲ ಸಾಧ್ಯತೆಗಳನ್ನೂ ಬರೆಯಬಹುದು. ಆದರೆ ಹಕ್ಕು ಹುಟ್ಟುವುದು ಕೊನೆಯಲ್ಲಿ ಅಂಕೆ ಹಾಕಿ ಬರೆದ 'ಕ್ಲೇಮು'ಗಳಿಂದ. ಕ್ರಯಪತ್ರದಲ್ಲಿ ಚಕ್ಕುಬಂದಿ ಇರುವ ಹಾಗೆ ಪೇಟೆಂಟಿನಲ್ಲಿ ಕ್ಲೇಮು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಚಕ್ಕುಬಂದಿ ಹೇಳುವಂತೆ, ತನ್ನ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಕ್ಲೇಮು ಹೇಳುತ್ತದೆ. ಗೂಗಲ್ ಪೇಟೆಂಟನ್ನು ಈ ಕಣ್ಣಿನಿಂದ ನೋಡಿದರೆ ಹೃದಯದ ಸನ್ನೆ ಕಂಪನಿಯ ಸ್ವತ್ತಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. ತೊಟ್ಟುಕೊಂಡ ಸಾಧನದ ಕ್ಯಾಮೆರಾ ಕೈಯ ಸನ್ನೆಯನ್ನು ಕಂಡು, ಆ ಸನ್ನೆ ಸುತ್ತುವರಿದ ಜಾಗವನ್ನು ಆರಿಸಿ, ಅದರ ಮೇಲೆ ಒಂದು ಕೆಲಸ ಮಾಡುವ ವಿಧಾನಕ್ಕೆ ಮಾತ್ರ ಹಕ್ಕು. ಗೆಳತಿಯ ಕಡೆಗೆ ಹೃದಯದ ಸನ್ನೆ ಮಾಡಲು ಯಾರ ಅಪ್ಪಣೆಯೂ ಬೇಡ. ಆ ಸನ್ನೆಯನ್ನು ಅದೇ ರೀತಿ ಓದುವ ಯಂತ್ರ ಮಾಡಲು ಮಾತ್ರ ಅಪ್ಪಣೆ ಬೇಕು. ಇನ್ನೊಂದು ಮಾತನ್ನೂ ನೆನಪಿಡಬೇಕು: ಪೇಟೆಂಟ್ ಪಡೆಯಲು ಕೆಲಸ ಮಾಡುವ ಯಂತ್ರವನ್ನು ಕಚೇರಿಗೆ ಹೊತ್ತು ತಂದು ತೋರಿಸಬೇಕಾಗಿಲ್ಲ. ಆ ವಿದ್ಯೆ ಬಲ್ಲವರು ಓದಿ ಮಾಡಬಹುದಾದಷ್ಟು ವಿವರ ಬರೆದುಕೊಟ್ಟರೆ ಸಾಕು.

ಹಾಗಾಗಿಯೇ ಈ ಕ್ಷೇತ್ರದಲ್ಲಿ ಬೇಲಿ ಮೊದಲು ಬರುತ್ತದೆ, ಬೆಳೆ ಎಷ್ಟೋ ಕಾಲದ ಮೇಲೆ ಬರುತ್ತದೆ. ಮುಟ್ಟದೆ ಯಂತ್ರ ನಡೆಸುವ ಆಸೆ ಇಂದಿನದಲ್ಲ. ರಷ್ಯಾದ ಲಿಯಾನ್ ಥೆರೆಮಿನ್ ಸುಮಾರು 1920ರಲ್ಲಿ ರೂಪಿಸಿದ ವಾದ್ಯವನ್ನು ಯಾರೂ ಮುಟ್ಟಿ ನುಡಿಸುವುದಿಲ್ಲ. ಅದರ ಎರಡು ಆಂಟೆನಾಗಳ ಬಳಿ ಕೈ ಹತ್ತಿರ ಬಂದಂತೆ, ದೂರ ಸರಿದಂತೆ ವಿದ್ಯುತ್ ಕ್ಷೇತ್ರ ಬದಲಾಗಿ ಸ್ವರ ಏರಿಳಿಯುತ್ತದೆ. ಆ ವಾದ್ಯಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1928ರಲ್ಲಿ. ಆರ್‌ಸಿಎ ಕಂಪನಿ ಹಕ್ಕು ಪಡೆದು ಸುಮಾರು 500 ವಾದ್ಯಗಳನ್ನು ತಯಾರಿಸಿತು, ಆದರೆ ಅದು ಮನೆಮನೆಯ ವಸ್ತುವಾಗಲಿಲ್ಲ. ಅರ್ಧ ಶತಮಾನದ ಮೇಲೆ, 1982ರಲ್ಲಿ, ಥಾಮಸ್ ಜಿಮ್ಮರ್‌ಮನ್ ಬೆರಳು ಮಡಿಸಿದ್ದನ್ನು ಬೆಳಕಿನ ನಳಿಕೆಗಳಿಂದ ಅಳೆಯುವ ಕೈಗವಸಿಗೆ ಪೇಟೆಂಟ್ ಅರ್ಜಿ ಹಾಕಿದರು. 1989ರಲ್ಲಿ ಮ್ಯಾಟೆಲ್ ಕಂಪನಿ ನಿಂಟೆಂಡೊ ಆಟಗಳಿಗಾಗಿ ಇದೇ ಕುಲದ ಅಗ್ಗದ ಕೈಗವಸನ್ನು ಮಾರಿತು. ಅದೂ ಬಹುಕಾಲ ಬಾಳಲಿಲ್ಲ. ಇಂಥ ಸಾಧನಗಳು ಮತ್ತೆ ಮತ್ತೆ ಮುಗ್ಗರಿಸಲು ಎರಡು ಕಾರಣಗಳಿವೆ. ಮೊದಲನೆಯದು ದೇಹದ ಕಾರಣ. ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೆಲಸ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಹೆಗಲು ಸೋಲುತ್ತದೆ. ಇದಕ್ಕೆ ಎಂಜಿನಿಯರುಗಳು 'ಗೊರಿಲ್ಲಾ ತೋಳು' ಎಂದೇ ಹೆಸರಿಟ್ಟಿದ್ದಾರೆ. ಎರಡನೆಯದು ಅರ್ಥದ ಕಾರಣ. ಕೈ ಸದಾ ಏನಾದರೂ ಮಾಡುತ್ತಲೇ ಇರುತ್ತದೆ. ಕೂದಲು ಸರಿಸುತ್ತದೆ, ನೊಣ ಓಡಿಸುತ್ತದೆ, ಮಾತಿಗೆ ಒತ್ತು ಕೊಡುತ್ತದೆ. ಇವುಗಳಲ್ಲಿ ಯಾವುದು ಯಂತ್ರಕ್ಕೆ ಕೊಟ್ಟ ಆಜ್ಞೆ, ಯಾವುದು ಅಲ್ಲ ಎಂದು ಬೇರ್ಪಡಿಸುವುದು ಗುಂಡಿ ಒತ್ತಿದ್ದನ್ನು ತಿಳಿಯುವಷ್ಟು ಸುಲಭವಲ್ಲ.

ಉತ್ಪನ್ನ ಸೋತರೆ ಪೇಟೆಂಟೂ ಸೋತಿತು ಎಂದು ತಿಳಿಯುವುದು ಸಹಜ. ಆದರೆ ನಡೆದದ್ದು ಹಾಗಲ್ಲ. ಮೈಕ್ರೋಸಾಫ್ಟ್ 2010ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಕೈನೆಕ್ಟ್ ಸಾಧನ ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಟಿವಿ ಮುಂದೆ ನಿಂತು ಕೈಕಾಲು ಆಡಿಸಿದರೆ ಪರದೆಯ ಮೇಲಿನ ಆಟಗಾರನೂ ಹಾಗೆಯೇ ಆಡುತ್ತಿದ್ದ. ಆ ಮೊದಲ ಕೈನೆಕ್ಟಿನ ಕಣ್ಣು ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ವಸ್ತುಗಳ ಮೇಲೆ ಬಿದ್ದು ಎಷ್ಟು ಜರುಗಿವೆ ಎಂಬುದರಿಂದ ದೂರ ಅಳೆಯುವ ತಂತ್ರ ಅದು. 2013ರಲ್ಲಿ ಆ ಕಂಪನಿಯನ್ನು ಆ್ಯಪಲ್ ಕೊಂಡುಕೊಂಡಿತು. 2017ರ ಅಕ್ಟೋಬರಿನಲ್ಲಿ ಕೈನೆಕ್ಟ್ ತಯಾರಿಕೆ ನಿಂತುಹೋದ ಸುದ್ದಿ ಬಂತು. ಮರುತಿಂಗಳು ಮಾರುಕಟ್ಟೆಗೆ ಬಂದ ಐಫೋನ್ ಟೆನ್, ಮಾಲೀಕರ ಮುಖದ ಮೇಲೆ 30,000ಕ್ಕೂ ಹೆಚ್ಚು ಅವಕೆಂಪು ಚುಕ್ಕಿಗಳನ್ನು ಚೆಲ್ಲಿ ಗುರುತು ಹಿಡಿಯತೊಡಗಿತು. ಆಟದ ಕೋಣೆಯಲ್ಲಿ ಮೈಯ ಚಲನೆ ಓದಲು ಬೆಳೆಸಿದ ವಿದ್ಯೆ ಹೀಗೆ ಜೇಬಿನ ಫೋನಿನಲ್ಲಿ ಮುಖ ಓದುವ ವಿದ್ಯೆಯಾಯಿತು. ಸಾಧನ ಸತ್ತರೂ ಅದರ ಹಿಂದಿನ ಜ್ಞಾನ ಮತ್ತು ಹಕ್ಕು ಇನ್ನೊಬ್ಬರ ಕೈಯಲ್ಲಿ, ಇನ್ನೊಂದು ಉದ್ದೇಶಕ್ಕೆ ಬದುಕಿ ಉಳಿಯುತ್ತವೆ.

ಮಣಿಕಟ್ಟಿನ ಪಟ್ಟಿಯ ಕಥೆ ಇದಕ್ಕಿಂತ ಸ್ಪಷ್ಟ. ಕೆನಡಾದ ಥಾಲ್ಮಿಕ್ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಮಯೋ ಎಂಬ ತೋಳುಪಟ್ಟಿ ಮಾಡಿತ್ತು. ಬೆರಳುಗಳನ್ನು ಎಳೆಯುವ ಸ್ನಾಯುಗಳಲ್ಲಿ ಬಹುಪಾಲು ಇರುವುದು ಬೆರಳುಗಳಲ್ಲಲ್ಲ, ಮುಂದೋಳಿನಲ್ಲಿ. ಬೆರಳು ಮಡಿಸಬೇಕೆಂದು ಮೆದುಳು ಕಳಿಸಿದ ಸೂಚನೆ ನರಗಳ ಮೂಲಕ ಆ ಸ್ನಾಯು ತಲುಪಿದಾಗ ಅಲ್ಲಿ ಅತಿಸೂಕ್ಷ್ಮ ವಿದ್ಯುತ್ ಏಳುತ್ತದೆ. ಚರ್ಮಕ್ಕೆ ತಾಗಿದ ಲೋಹದ ಬಿಲ್ಲೆಗಳು ಅದನ್ನು ಹಿಡಿದರೆ, ಬೆರಳು ಕಣ್ಣಿಗೆ ಕಾಣುವಷ್ಟು ಅಲುಗದಿದ್ದರೂ ಅದರ ಉದ್ದೇಶ ಗೊತ್ತಾಗಬಲ್ಲದು. 2018ರಲ್ಲಿ ಮಯೋ ಮಾರಾಟ ನಿಂತಿತು. ಮರುವರ್ಷ ಅದರ ಪೇಟೆಂಟುಗಳನ್ನು ನ್ಯೂಯಾರ್ಕಿನ ಕಂಟ್ರೋಲ್ ಲ್ಯಾಬ್ಸ್ ಕೊಂಡಿತು. ಅದೇ 2019ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಆ ಕಂಪನಿಯನ್ನೇ ಕೊಳ್ಳುವುದಾಗಿ ಘೋಷಿಸಿತು. ಹೆಸರು ಬದಲಿಸಿಕೊಂಡಿದ್ದ ಹಳೆಯ ಥಾಲ್ಮಿಕ್ ಕಂಪನಿಯನ್ನು 2020ರಲ್ಲಿ ಗೂಗಲ್ ಕೊಂಡಿತು. ಫೇಸ್‌ಬುಕ್ ಈಗ ಮೆಟಾ. 2025ರ ಜುಲೈಯಲ್ಲಿ ಅದರ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ, ಸಾವಿರಾರು ಜನರ ಮಣಿಕಟ್ಟಿನ ಸಂಕೇತಗಳಿಂದ ಕಲಿತ ವ್ಯವಸ್ಥೆಯೊಂದು ಹೊಸಬರ ಕೈಯನ್ನೂ ಓದಬಲ್ಲದೆಂದು, ಬೆರಳಿನಿಂದ ಬರೆದಂತೆ ಆಡಿಸಿದರೆ ನಿಮಿಷಕ್ಕೆ ಸುಮಾರು 21 ಪದ ಗ್ರಹಿಸುತ್ತದೆಂದು ವರದಿ ಮಾಡಿದರು. ಎರಡೇ ತಿಂಗಳ ಮೇಲೆ ಮೆಟಾದ ಕನ್ನಡಕ ಮಣಿಕಟ್ಟಿನ ಪಟ್ಟಿಯ ಸಮೇತ 799 ಡಾಲರಿಗೆ ಅಮೆರಿಕದ ಅಂಗಡಿಗಳಿಗೆ ಬಂದಿತು. ಸೋತ ತೋಳುಪಟ್ಟಿಯ ಪೇಟೆಂಟುಗಳು ಎರಡು ಸಲ ಕೈ ಬದಲಿಸಿ, ಜಗತ್ತಿನ ಅತಿ ದೊಡ್ಡ ಸಾಮಾಜಿಕ ಜಾಲ ಕಂಪನಿಯ ಪೆಟ್ಟಿಗೆ ಸೇರಿದ್ದು ಹೀಗೆ. ಪೇಟೆಂಟನ್ನು ಬರೆದವರು ಯಾರು ಎಂಬುದಕ್ಕಿಂತ ಕೊನೆಗೆ ಅದು ಯಾರ ಬಳಿ ಉಳಿಯುತ್ತದೆ ಎಂಬುದು ದೊಡ್ಡ ಪ್ರಶ್ನೆ.

ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ ಎಂಬುದಕ್ಕೆ ಭಾರತದ್ದೇ ಒಂದು ನಿದರ್ಶನವಿದೆ. ಗೂಗಲ್ 2015ರಲ್ಲಿ ಸೋಲಿ ಎಂಬ ಯೋಜನೆ ಪ್ರಕಟಿಸಿತು. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಉಜ್ಜಿದಷ್ಟು ಸಣ್ಣ ಚಲನೆಯನ್ನೂ ಹಿಡಿಯುವ ಪುಟ್ಟ ರಾಡಾರ್ ಅದು. 60 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತದೆ. ಅಮೆರಿಕದ ಸಂವಹನ ಆಯೋಗ 2018ರ ಕೊನೆಯ ದಿನ ಅದಕ್ಕೆ ವಿಶೇಷ ಅನುಮತಿ ಕೊಟ್ಟಿತು. 2019ರಲ್ಲಿ ಪಿಕ್ಸೆಲ್ 4 ಫೋನಿನೊಳಗೆ ಸೋಲಿ ಬಂದಾಗ, ಕೈ ಬೀಸಿ ಹಾಡು ಬದಲಿಸಬಹುದಾದ ಆ ಫೋನು ಭಾರತಕ್ಕೆ ಬರಲೇ ಇಲ್ಲ. ಆ ತರಂಗಾಂತರವನ್ನು ಹೀಗೆ ಬಳಸಲು ಇಲ್ಲಿ ಅನುಮತಿ ಇರಲಿಲ್ಲ. ಮರುವರ್ಷದ ಪಿಕ್ಸೆಲ್ 5ರಿಂದ ರಾಡಾರನ್ನು ಗೂಗಲ್ ತಾನೇ ತೆಗೆದುಹಾಕಿತು. 2021ರಲ್ಲಿ ಅದೇ ಸೋಲಿ ಮನೆಯ ಪರದೆ ಸಾಧನವೊಂದರಲ್ಲಿ, ಮಲಗಿದವರ ಉಸಿರು ಮತ್ತು ಹೊರಳಾಟ ಗಮನಿಸಿ ನಿದ್ದೆ ಅಳೆಯುವ ಕೆಲಸಕ್ಕೆ ಬಂತು. ಪೇಟೆಂಟ್ ಕಚೇರಿ ಕೊಡುವುದು ಇತರರನ್ನು ತಡೆಯುವ ಹಕ್ಕು. ಮಾರುವ ಹಕ್ಕು, ಗಾಳಿಯ ಅಲೆ ಬಳಸುವ ಹಕ್ಕು, ಜನರ ಮೈ ಗಮನಿಸುವ ಹಕ್ಕು ಇವನ್ನೆಲ್ಲ ಅದು ಕೊಡುವುದಿಲ್ಲ. ಅವು ಸಮಾಜದ ಕೈಯಲ್ಲಿ, ಸರ್ಕಾರದ ಕೈಯಲ್ಲಿ ಉಳಿದಿವೆ. ಕೈ ಬೀಸುವುದನ್ನು ನೋಡಲು ಇಟ್ಟ ರಾಡಾರ್ ಹಾಸಿಗೆಯ ಉಸಿರನ್ನು ಎಣಿಸಲೂ ಬಲ್ಲದಾದ್ದರಿಂದ, ಆ ಉಳಿದ ಹಕ್ಕುಗಳನ್ನು ಎಚ್ಚರದಿಂದ ಚಲಾಯಿಸಬೇಕು.

ಇನ್ನು ಬೇಲಿಯ ಗಡಿ ತಗಾದೆ. ಬೀಗ ತೆಗೆಯಲು ಪರದೆಯ ಮೇಲೆ ಬೆರಳು ಜಾರಿಸುವ ಸನ್ನೆಗೆ ಆ್ಯಪಲ್ ಪೇಟೆಂಟ್ ಪಡೆದಿತ್ತು. ಸ್ವೀಡನ್ನಿನ ನಿಯೊನೋಡ್ ಕಂಪನಿಯ ಫೋನು ಐಫೋನಿಗಿಂತ ಮೊದಲೇ ಹೀಗೆ ಬೆರಳು ಜಾರಿಸಿ ತೆರೆದುಕೊಳ್ಳುತ್ತಿತ್ತು. ಜರ್ಮನಿಯ ಅತ್ಯುನ್ನತ ನಾಗರಿಕ ನ್ಯಾಯಾಲಯ 2015ರಲ್ಲಿ ಆ್ಯಪಲ್ಲಿನ ಹಕ್ಕನ್ನು ರದ್ದುಗೊಳಿಸಿತು. ಅಮೆರಿಕದಲ್ಲಿ ಮಾತ್ರ 2014ರಲ್ಲಿ ಜ್ಯೂರಿ, ಈ ಪೇಟೆಂಟೂ ಸೇರಿ ಮೂರನ್ನು ಉಲ್ಲಂಘಿಸಿದ್ದಕ್ಕೆ ಸ್ಯಾಮ್‌ಸಂಗ್ 11.96 ಕೋಟಿ ಡಾಲರ್ ಕೊಡಬೇಕೆಂದಿತು. ಮೇಲ್ಮನವಿಗಳಲ್ಲಿ ಅದು ಒಮ್ಮೆ ಬಿದ್ದು ಮತ್ತೆ ಎದ್ದು, 2017ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪದಿದ್ದಾಗ ಕೊನೆಗೊಂಡಿತು. ಅಷ್ಟರಲ್ಲಿ, ಒಂದು ವರ್ಷ ಮೊದಲೇ, ಆ್ಯಪಲ್ ತನ್ನ ಫೋನುಗಳಿಂದ ಆ ಸನ್ನೆಯನ್ನು ಕೈಬಿಟ್ಟಿತ್ತು. ಒಂದೇ ಬೆರಳಿನ ಒಂದೇ ಎಳೆತ ಒಂದು ದೇಶದಲ್ಲಿ ಎಲ್ಲರ ದಾರಿ, ಇನ್ನೊಂದು ದೇಶದಲ್ಲಿ ಒಬ್ಬರ ಹೊಲ. ಇಂಥ ತಗಾದೆಯನ್ನು ವರ್ಷಗಟ್ಟಲೆ ಎಳೆಯುವ ಶಕ್ತಿ ದೊಡ್ಡ ಕಂಪನಿಗಳಿಗಿದೆ. ನಾಲ್ಕು ಮಂದಿ ಎಂಜಿನಿಯರುಗಳು ಸೇರಿ ಕಟ್ಟಿದ ಹೊಸ ಕಂಪನಿಗೆ ಇಲ್ಲ. ಅದು ಗಡಿಯ ಹತ್ತಿರವೂ ಹೋಗದೆ ದೂರದಿಂದಲೇ ಹಿಂತಿರುಗುತ್ತದೆ.

ಪೇಟೆಂಟೇ ಇಲ್ಲದಿದ್ದರೆ ಇಷ್ಟು ವರ್ಷಗಳ ಸಂಶೋಧನೆಗೆ ಹಣ ಯಾರು ಹಾಕುತ್ತಾರೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದು ನ್ಯಾಯವಾದ ಪ್ರಶ್ನೆ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ವೇಯ್ನ್ ವೆಸ್ಟರ್‌ಮನ್ ಅವರಿಗೆ ಕೀಲಿಮಣೆ ಬಡಿದು ಬಡಿದು ಕೈ ನೋಯುತ್ತಿತ್ತು. ಬೆರಳು ಹಗುರಾಗಿ ಆಡಿಸಿದರೆ ಸಾಕಾಗುವ ಫಲಕವೊಂದನ್ನು ಅವರು ತಮ್ಮ ಪ್ರಾಧ್ಯಾಪಕ ಜಾನ್ ಇಲಾಯಸ್ ಜೊತೆ ರೂಪಿಸಿ, ಫಿಂಗರ್‌ವರ್ಕ್ಸ್ ಕಂಪನಿ ಕಟ್ಟಿದರು. 2005ರಲ್ಲಿ ಆ್ಯಪಲ್ ಅದನ್ನು ಕೊಂಡಿತು. ಎರಡು ವರ್ಷಗಳ ಮೇಲೆ ಬಂದ ಐಫೋನಿನ ಬಹುಬೆರಳು ಸ್ಪರ್ಶದ ಬೇರುಗಳಲ್ಲಿ ಒಂದು ಅಲ್ಲಿದೆ. ಪೇಟೆಂಟ್ ಇರದಿದ್ದರೆ ಅಂಥ ಸಣ್ಣ ಕಂಪನಿಯ ಕೆಲಸವನ್ನು ದೊಡ್ಡವರು ಬೆಲೆ ಕೊಡದೆ ಎತ್ತಿಕೊಳ್ಳಬಹುದಿತ್ತು. ಪೇಟೆಂಟಿನಿಂದ ಜ್ಞಾನ ಬಯಲಿಗೆ ಬರುತ್ತದೆ ಎಂಬುದೂ ನಿಜ. ಥೆರೆಮಿನ್ ವಾದ್ಯ ಹೇಗೆ ಕೆಲಸ ಮಾಡುತ್ತದೆಂದು ಇವತ್ತು ಯಾರು ಬೇಕಾದರೂ ಆ ದಾಖಲೆಯಲ್ಲಿ ಓದಬಹುದು. ಆದ್ದರಿಂದ ಪೇಟೆಂಟ್ ಬೇಡವೆನ್ನುವುದು ನನ್ನ ವಾದವಲ್ಲ. ಬೆವರು ಸುರಿಸಿ ಹಸನು ಮಾಡಿದ ನೆಲಕ್ಕೆ ಬೇಲಿ ಇರಲಿ. ಆದರೆ ಉಳದ, ಬಿತ್ತದ ನೆಲಕ್ಕೂ ಊರಿನ ಗೋಮಾಳಕ್ಕೂ ಅದೇ ಬೇಲಿ ಚಾಚಿದಾಗ ತಡೆಯುವವರು ಬೇಕು.

ಹಕ್ಕಿರುವುದು ಸನ್ನೆಗಲ್ಲ, ಅದನ್ನು ಓದುವ ವಿಧಾನಕ್ಕೆ ಮಾತ್ರ ಎಂದು ನಾನೇ ಮೇಲೆ ಹೇಳಿದೆನಲ್ಲ, ಹಾಗಿದ್ದಮೇಲೆ ಸನ್ನೆಗೆ ಏನು ಅಪಾಯ ಎಂದು ಕೇಳಬಹುದು. ಕಾನೂನಿನ ಮಾತಿನಲ್ಲಿ ಅದು ಸರಿ. ಆದರೆ ಕ್ಲೇಮನ್ನು ಎಷ್ಟು ಅಗಲವಾಗಿ ಬರೆಯಲಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಂಥದೇ ಸೆನ್ಸರು, ಇಂಥದೇ ಲೆಕ್ಕಾಚಾರ ಎಂದು ಬಿಗಿಯಾಗಿ ಬರೆದ ಕ್ಲೇಮು ಬೇರೆಯವರಿಗೆ ಬೇರೆ ದಾರಿ ಬಿಡುತ್ತದೆ. 'ಕೈಯ ಚಲನೆ ಗುರುತಿಸಿ ಅದಕ್ಕೆ ತಕ್ಕ ಕೆಲಸ ಮಾಡುವ ಸಾಧನ' ಎಂಬಂತೆ ಸಡಿಲವಾಗಿ ಬರೆದದ್ದು ಎಲ್ಲ ದಾರಿಗಳನ್ನೂ ಮುಚ್ಚುತ್ತದೆ. ಬೆರಳು ಚಿವುಟುವುದು, ಬೀಸುವುದು, ತೋರುವುದು, ಮುಷ್ಟಿ ಹಿಡಿಯುವುದು ಹೀಗೆ ಮನುಷ್ಯನ ಕೈಗೆ ಸಲೀಸಾದ ಚಲನೆಗಳು ಬೆರಳೆಣಿಕೆಯಷ್ಟೇ. ಅವನ್ನು ಓದುವ ಸುಲಭ ದಾರಿಗಳೆಲ್ಲ ಒಬ್ಬರದೇ ಆದರೆ ಉಳಿದವರು ತಮ್ಮ ಗ್ರಾಹಕರಿಗೆ ಅಸಹಜವಾದ ಸನ್ನೆಗಳನ್ನು ಕಲಿಸಬೇಕಾಗುತ್ತದೆ. ಕಾರಿನಲ್ಲಿ ಒಂದು ಸನ್ನೆ, ಫೋನಿಗೆ ಇನ್ನೊಂದು, ಆಸ್ಪತ್ರೆಯ ಯಂತ್ರಕ್ಕೆ ಮತ್ತೊಂದು ಎಂದಾಗುವುದು ಬರೀ ಕಿರಿಕಿರಿಯ ಮಾತಲ್ಲ. ಕೈ ನಡುಗುವ ವೃದ್ಧರಿಗೆ, ಬೆರಳು ಕಳೆದುಕೊಂಡವರಿಗೆ, ಗುಂಡಿ ಒತ್ತಲಾಗದವರಿಗೆ ಸನ್ನೆಯಿಂದ ನಡೆಯುವ ಯಂತ್ರ ನಿಜವಾದ ಊರುಗೋಲು. ಆ್ಯಪಲ್ ತನ್ನ ಕೈಗಡಿಯಾರದಲ್ಲಿ ಚಿವುಟುವ, ಮುಷ್ಟಿ ಹಿಡಿಯುವ ಸನ್ನೆಗಳನ್ನು 2021ರಲ್ಲಿ ಮೊದಲು ತಂದದ್ದು ಒಂದು ಕೈ ಬಳಸಲಾಗದವರಿಗಾಗಿ. ಎಲ್ಲರಿಗೂ ಅನುಕೂಲವಾಗುವಂತೆ ಎರಡು ಬಾರಿ ಬೆರಳು ತಟ್ಟುವ ಸೌಲಭ್ಯ ಬಂದದ್ದು 2023ರಲ್ಲಿ. ಊರುಗೋಲಿನ ಹಿಡಿಕೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತಾ ಹೋದರೆ ಅದನ್ನು ನೆಚ್ಚಿದವರೇ ಮೊದಲು ಮುಗ್ಗರಿಸುತ್ತಾರೆ.

ಹೆಚ್ಚಿನ ಪೇಟೆಂಟುಗಳು ಹೇಗೂ ಬಳಕೆಗೇ ಬರುವುದಿಲ್ಲ, ಸುಮ್ಮನೆ ಬಿದ್ದಿರುವುದರಿಂದ ಯಾರಿಗೆ ನಷ್ಟ ಎನ್ನುವವರೂ ಇದ್ದಾರೆ. ಬೀಳುಬಿದ್ದ ಹೊಲದ ಸುತ್ತಲೂ ಬೇಲಿ ಇದ್ದರೆ ದಾರಿಹೋಕರು ಸುತ್ತುಹಾಕಲೇಬೇಕು. ಒಳಗೆ ಬೆಳೆ ಇಲ್ಲವೆಂಬುದು ಅವರಿಗೆ ಸಮಾಧಾನವಾಗದು. ಈ ವಿಷಯದಲ್ಲಿ ಭಾರತದ ಕಾನೂನು ಅಮೆರಿಕದ್ದಕ್ಕಿಂತ ಒಂದು ಹೆಜ್ಜೆ ಮುಂದಿದೆ. 1970ರ ನಮ್ಮ ಪೇಟೆಂಟ್ ಕಾಯ್ದೆಯ ಪ್ರಕಾರ, ಪೇಟೆಂಟ್ ಪಡೆದವರು ಅದನ್ನು ಭಾರತದಲ್ಲಿ ಬಳಕೆಗೆ ತಂದಿದ್ದಾರೆಯೇ ಎಂದು ಫಾರಂ 27ರಲ್ಲಿ ಹೇಳಿಕೆ ಸಲ್ಲಿಸಬೇಕು. ಅಮೆರಿಕದಲ್ಲಿ ಇಂಥ ಕಡ್ಡಾಯವಿಲ್ಲ. ಮಂಜೂರಾಗಿ ಮೂರು ವರ್ಷ ಕಳೆದರೂ ಜನರ ನ್ಯಾಯವಾದ ಅಗತ್ಯ ಪೂರೈಸದ ಪೇಟೆಂಟನ್ನು ಬಳಸಲು ಕಡ್ಡಾಯ ಲೈಸೆನ್ಸ್ ಕೇಳುವ ಅವಕಾಶವೂ ಇಲ್ಲಿದೆ. ಬರೀ ಕಂಪ್ಯೂಟರ್ ಪ್ರೋಗ್ರಾಂ, ಬರೀ ಲೆಕ್ಕದ ಸೂತ್ರಕ್ಕೆ ಪೇಟೆಂಟ್ ಇಲ್ಲವೆಂದು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಆದರೆ 2024ರ ನಿಯಮಗಳು ವರ್ಷಕ್ಕೊಮ್ಮೆ ಸಲ್ಲಿಸುತ್ತಿದ್ದ ಫಾರಂ 27 ಹೇಳಿಕೆಯನ್ನು ಮೂರು ಆರ್ಥಿಕ ವರ್ಷಗಳಿಗೊಮ್ಮೆ ಎಂದು ಸಡಿಲಗೊಳಿಸಿವೆ. ಉಳದ ಹೊಲಗಳ ಲೆಕ್ಕ ಕೇಳುವ ಈ ಅಪರೂಪದ ಅಧಿಕಾರವನ್ನು ನಾವು ಬಲಪಡಿಸಬೇಕಾದ ಕಾಲದಲ್ಲಿ ಸಡಿಲಿಸಿದ್ದು ಸರಿಯಾದ ದಿಕ್ಕಲ್ಲ.

ಬೇಲಿಗಿಂತ ಆಳವಾದ ಪ್ರಶ್ನೆ ಒಂದಿದೆ. ಗುಂಡಿ ಒತ್ತಿದಾಗ ಯಂತ್ರಕ್ಕೆ ಗುಂಡಿ ಒತ್ತಿದ್ದಷ್ಟೇ ಗೊತ್ತಾಗುತ್ತದೆ. ಸನ್ನೆ ಓದುವ ಯಂತ್ರ ಮಾತ್ರ ಆಜ್ಞೆಗಾಗಿ ಕಾಯುತ್ತ ನಿಮ್ಮ ಕೈಯನ್ನು ಸದಾ ನೋಡುತ್ತಲೇ ಇರಬೇಕು. ಅಮೆಜಾನ್ 2018ರ ಜನವರಿಯಲ್ಲಿ ಪಡೆದ ಎರಡು ಪೇಟೆಂಟುಗಳಲ್ಲಿ ಗೋದಾಮಿನ ಕೆಲಸಗಾರರ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅಲ್ಟ್ರಾಸಾನಿಕ್ ಅಲೆಗಳಿಂದ ಕೈ ಯಾವ ಪೆಟ್ಟಿಗೆಯ ಬಳಿ ಇದೆಯೆಂದು ಗುರುತಿಸಿ, ಬೇಕಾದ ಕಡೆಗೆ ಕಂಪನದಿಂದ ಸೂಚಿಸುವ ವಿಧಾನವಿದೆ. ಸ್ಕ್ಯಾನರ್ ಹಿಡಿಯುವ ಕಷ್ಟದಿಂದ ಕೈಗೆ ಬಿಡುಗಡೆ ಸಿಗುತ್ತದೆಂದು ಕಂಪನಿ ಸಮರ್ಥಿಸಿಕೊಂಡಿತು. ಆದರೆ ಕೈ ಎಲ್ಲಿದೆ ಎಂದು ತಿಳಿಯುವ ಪಟ್ಟಿಗೆ ಕೈ ಎಷ್ಟು ಹೊತ್ತು ಸುಮ್ಮನಿತ್ತು ಎಂಬುದೂ ತಿಳಿಯುತ್ತದೆ. ಸ್ನಾಯುವಿನ ವಿದ್ಯುತ್ ಓದುವ ಪಟ್ಟಿ ಇನ್ನೂ ಒಳಕ್ಕೆ ಇಳಿಯುತ್ತದೆ. ನಡುಕ, ದಣಿವು, ನರದೌರ್ಬಲ್ಯ ಇವೆಲ್ಲವೂ ಅದೇ ಸಂಕೇತದಲ್ಲಿ ಅಚ್ಚೊತ್ತಿರುತ್ತವೆ. ವೈದ್ಯರು ನರ, ಸ್ನಾಯುಗಳ ಕಾಯಿಲೆ ಪತ್ತೆಗೆ ಬಳಸುವುದೂ ಇಂಥ ಸಂಕೇತಗಳನ್ನೇ. ಚಿಲಿ ದೇಶ 2021ರಲ್ಲಿ ತನ್ನ ಸಂವಿಧಾನಕ್ಕೇ ಮೆದುಳಿನ ಚಟುವಟಿಕೆಯ ರಕ್ಷಣೆಯನ್ನು ಸೇರಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಕೊಲೊರಾಡೊ ರಾಜ್ಯಗಳು 2024ರಲ್ಲಿ ಕೈಕಾಲುಗಳ ನರಗಳ ಸಂಕೇತವನ್ನೂ ಒಳಗೊಂಡು ನರಮಂಡಲದ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಕಾನೂನಿನಲ್ಲಿ ಗುರುತಿಸಿದವು. ನಮ್ಮ 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಮೊಬೈಲ್ ನಂಬರಿಗೂ ಸ್ನಾಯುವಿನ ಮಿಡಿತಕ್ಕೂ ಅದು ಒಂದೇ ಮಟ್ಟದ ಕಾವಲು ಹಾಕುತ್ತದೆ. ಇಂಥ ಪಟ್ಟಿಗಳು ನಮ್ಮ ಅಂಗಡಿಗಳನ್ನು ತುಂಬುವ ಮೊದಲೇ ಈ ಕೊರತೆ ತುಂಬಬೇಕು.

ಗೋಮಾಳ ಉಳಿಸಿಕೊಳ್ಳುವ ದಾರಿಯನ್ನೂ ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ಗಾಯಕ್ಕೆ ಅರಿಸಿನ ಹಚ್ಚುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದಾಗ ಭಾರತದ ಸಿಎಸ್‌ಐಆರ್ ಸಂಸ್ಥೆ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದುಮಾಡಿಸಿತು. ಆ ಅನುಭವದ ಫಲವಾಗಿ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ವಿದೇಶಿ ಪೇಟೆಂಟ್ ಪರಿಶೀಲಕರು ಅದನ್ನು ನೋಡಿ, ಇದು ಹೊಸದಲ್ಲವೆಂದು ಅರ್ಜಿ ತಳ್ಳಿಹಾಕಬಹುದು. ಸನ್ನೆಗಳಿಗೂ ಅಂಥದೊಂದು ದಾಖಲೆ ಬೇಕು. ಭರತನಾಟ್ಯ, ಯಕ್ಷಗಾನದ ಹಸ್ತಗಳಲ್ಲಿ, ಸಂಗೀತ ಕಛೇರಿಯಲ್ಲಿ ಕಿರುಬೆರಳಿನಿಂದ ತಾಳ ಎಣಿಸುವ ಕ್ರಮದಲ್ಲಿ, ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ರೂಢಿಯಲ್ಲಿ ಕೈ ಶತಮಾನಗಳಿಂದ ಮಾತಾಡುತ್ತಾ ಬಂದಿದೆ. ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ ದೆಹಲಿಯಲ್ಲಿ 2015ರಲ್ಲಿ ಶುರುವಾದ ಸರ್ಕಾರಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ಸನ್ನೆ ನಿಘಂಟು ಹೊರತಂದಿದೆ. ಸಂಸ್ಕೃತಿಯ ಸನ್ನೆ ಬರೀ ಸನ್ನೆಯಾಗಿ ಇದ್ದರೆ ಯಂತ್ರದ ಕ್ಲೇಮನ್ನು ತಡೆಯಲು ಸಾಲದು ಎಂಬ ಮಾತಿನಲ್ಲಿ ಹುರುಳಿದೆ. ಆದ್ದರಿಂದ ದಾಖಲೆಯಲ್ಲಿ ಸನ್ನೆಯ ಚಿತ್ರದ ಜೊತೆಗೆ, ಯಂತ್ರದಿಂದ ಅದನ್ನು ಗುರುತಿಸುವ ಮುಕ್ತ ವಿಧಾನಗಳೂ ಪ್ರಕಟವಾಗಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸನ್ನೆಭಾಷೆ ಓದುವ ಕ್ಯಾಮೆರಾ, ಕೈಗವಸುಗಳನ್ನು ವಿದ್ಯಾರ್ಥಿಗಳು ಪ್ರಾಜೆಕ್ಟುಗಳಾಗಿ ಮಾಡುತ್ತಾರೆ. ಆ ವರದಿಗಳು ಕಪಾಟಿನಲ್ಲಿ ಧೂಳು ಹಿಡಿಯದೆ ದಿನಾಂಕ ಸಹಿತ ಸಾರ್ವಜನಿಕವಾಗಿ ಪ್ರಕಟವಾದರೆ, ಆಮೇಲೆ ಯಾರೂ ಅದನ್ನೇ ತಮ್ಮ ಹೊಸ ಆವಿಷ್ಕಾರವೆಂದು ಹೇಳಿಕೊಳ್ಳಲಾಗದು.

ಇದು ದೂರದ ದೇಶಗಳ ಜಗಳವೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಜಗತ್ತಿನ ದೊಡ್ಡ ತಂತ್ರಜ್ಞಾನ ಕಂಪನಿಗಳ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲಿವೆ. ಇಲ್ಲಿನ ಎಂಜಿನಿಯರುಗಳ ಹೆಸರು ಆವಿಷ್ಕಾರಕರ ಜಾಗದಲ್ಲಿಯೂ ಹಕ್ಕು ಕಂಪನಿಯ ಹೆಸರಿನಲ್ಲಿಯೂ ಇರುವ ಪೇಟೆಂಟುಗಳು ದೇಶವಿದೇಶಗಳಲ್ಲಿ ದಾಖಲಾಗುತ್ತಿವೆ. ಕರ್ನಾಟಕದಿಂದ ಹಾಕುವ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತವೆ. ಭಾರತದಲ್ಲಿ ಪ್ರಕಟವಾದ ಯಾವ ಅರ್ಜಿಯನ್ನಾದರೂ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಅದು ಮಂಜೂರಾಗುವ ಮೊದಲು, ನಿಗದಿತ ಶುಲ್ಕ ಕಟ್ಟಿ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದೆಂದು ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. ಕಿವುಡರ ಸಂಘಗಳು, ಅಂಗವಿಕಲರ ಸಂಘಟನೆಗಳು, ವಿಶ್ವವಿದ್ಯಾಲಯಗಳು, ಕಾನೂನು ವಿದ್ಯಾರ್ಥಿಗಳು ಈ ಬಾಗಿಲನ್ನು ಬಳಸಬೇಕು. ಓದುಗರು ಇನ್ನು ಮುಂದೆ ಇಂಥ ಪೇಟೆಂಟಿನ ಸುದ್ದಿ ಕಂಡಾಗ ಯಂತ್ರ ಯಾವಾಗ ಬರುತ್ತದೆಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಲಿ: ಇದು ಅರ್ಜಿಯೋ ಮಂಜೂರಾದ ಹಕ್ಕೋ? ಅದರ ಚಕ್ಕುಬಂದಿ ಎಷ್ಟು ಅಗಲ? ನನ್ನ ಕೈಯಿಂದ ಓದಿದ ಮಾಹಿತಿ ಯಾರ ಬಳಿ ಉಳಿಯುತ್ತದೆ? ಯಂತ್ರ ಕಂಪನಿಯದ್ದಾಗಲಿ, ಅದನ್ನು ರೂಪಿಸಿದವರ ಶ್ರಮಕ್ಕೆ ತಕ್ಕ ಬೆಲೆಯೂ ಸಿಗಲಿ. ಕೈ ನಮ್ಮದು, ಸನ್ನೆ ಎಲ್ಲರದು. ಇವೆರಡು ಮಾತುಗಳು ಕಾನೂನಿನಲ್ಲಿ ಬರೆದಿರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.